ರೇಣುಕಪ್ರಸಾದನ ದ್ವೀಪ

ಶೆಟ್ಟಿಕೆರೆಯ ತೆಂಗು ಬೆಳೆಗಾರ ರೇಣುಕಪ್ರಸಾದ್ ಕಂಪ್ಯೂಟರಿನಲ್ಲಿ ಆಟ ಆಡುವುದಕ್ಕಿಂತ ಅದನ್ನು ಬೈಯುವುದೇ ಹೆಚ್ಚೆಂದು ಹೆಂಡತಿ ಜೀವಿತಾಗೆ ಮದುವೆಯಾದ ತಿಂಗಳಲ್ಲೇ ತಿಳಿದುಹೋಗಿತ್ತು. ಬಾಂಬು ಬಿದ್ದು ಪ್ರಪಂಚವೆಲ್ಲ ಬೂದಿಯಾದ ಮೇಲೆ ಒಬ್ಬನೇ ಅಲೆಯುವ ಆಟವದು. ಅದಕ್ಕೆ ಹೊಸದಾಗಿ ಒಂದು ದ್ವೀಪದ ಭಾಗ ಸೇರಿದ ಮೇಲಂತೂ ಅವಳ ಕಿವಿಗೆ ಬಿಡುವೇ ಇಲ್ಲ. ಊಟವಾದ ಕೂಡಲೇ ಕುರ್ಚಿ ಎಳೆದುಕೊಂಡು ಕೂತು, "ಸಮುದ್ರ ಚೆನ್ನಾಗಿ ಮಾಡವ್ರೆ ಕಣೇ, ಮಳೆಯಂತೂ ಮೈಮೇಲೇ ಬಿದ್ದಂಗಾಯ್ತದೆ" ಎಂದು ಹೊಗಳುತ್ತಾನೆ. ಮರುಗಳಿಗೆಗೇ "ಜನ ಮಾತ್ರ ಹೇಳಿದ್ದೇ ಹೇಳ್ತವ್ರೆ, ಒಬ್ಬನಿಗೂ ಜೀವ ಇಲ್ಲ" ಎಂದು ಉಗಿಯುತ್ತಾನೆ. ದಡಕ್ಕೆ ತೇಲಿ ಬಂದ ತೆಂಗಿನಕಾಯಿಯನ್ನೆಲ್ಲ ಊರಲ್ಲಿ ಒಣಗಲು ಹಾಕುವ ಹಾಗೆ ಅಲ್ಲಿಯ ಪಾಳುಮನೆಯ ಅಟ್ಟಕ್ಕೆ ಸುರಿದು, ಆಟದೊಳಗೆ ಒಂದು ವರ್ಷ ಕಾದರೂ ಕೊಬ್ಬರಿಯಾಗಲಿಲ್ಲವೆಂದು ಆಟ ಮಾಡಿದವರಿಗೆ ಪತ್ರ ಬರೆದವನು ಇವನೊಬ್ಬನೇ ಇರಬೇಕು. ಮೂರು ತಿಂಗಳಾದರೂ ಮುಗಿಸಿಲ್ಲ. ಯಾಕೆಂದರೆ "ಕೊನೆ ಘಟ್ಟವೇ ಸರಿಯಿಲ್ಲ ಬುಡು" ಅನ್ನುತ್ತಾನೆ. ಅದೇನು ಸರಿಯಿಲ್ಲವೋ ನೋಡಿಯೇ ಬಿಡೋಣವೆಂದು ಇವತ್ತು ಜೀವಿತಾ ಸೌಟು ಹಿಡಿದುಕೊಂಡೇ ಬಂದು ಅವನ ಬೆನ್ನ ಹಿಂದೆ ನಿಂತಳು. ಪರದೆಯ ಮೇಲೊಂದು ಹಳ್ಳ. ಅದನ್ನು ದಾಟಿದರೆ ಆಟ ಮುಗಿಯಿತು, ಆದರೆ ಸೇತುವೆಯಿಲ್ಲ. ಈಚೆ ದಡದಲ್ಲಿ ಇಡೀ ದ್ವೀಪಕ್ಕೆ ಉಳಿದಿರುವ ಒಂದೇ ಒಂದು ತೆಂಗಿನಮರ, ಗೊನೆ ತುಂಬ ಕಾಯಿ, ಬುಡದಲ್ಲೊಂದು ಕೊಡಲಿ. "ಕಡಿದು ಅಡ್ಡ ಹಾಕ್ಬೇಕಂತೆ" ಎಂದ ಅವನು, ತಿರುಗಿಯೂ ನೋಡದೆ. ಬೈಯಲು ಬಂದವಳು ಸೌಟನ್ನು ಆ ಗೊನೆಗಳತ್ತ ಚಾಚಿದಳು. "ಫಲ ಬಿಟ್ಟ ಮರಾನಾ? ತಲೆ ಕೆಟ್ಟೈತಾ ಅವ್ರಿಗೆ? ಬರೀರಿ ಇನ್ನೊಂದು ಪತ್ರ, ನಾನೂ ಸಹಿ ಹಾಕ್ತೀನಿ!"