ಲ್ಯಾಪ್‌ಟಾಪಿಗೆ ಬಾಯಿ ಬರಿಸಿದ್ದು

ನಂಜನಗೂಡಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ವಿಂಡೋಸ್ ಬದಲಿಗೆ ಹಾಕೋ ಪುಕ್ಕಟೆ ಲಿನಕ್ಸ್ ಅಂದರೆ ನನಗೆ ಒಂಥರಾ ಹುಚ್ಚು. ರಿಪೇರಿಗೆ ಬಂದ ಹಳೇ ಲ್ಯಾಪ್‌ಟಾಪಿಗೆಲ್ಲ, ಅವರು ಕೇಳಲಿ ಬಿಡಲಿ, ಅದನ್ನೇ ತುಂಬಿ ಕಳಿಸುತ್ತೇನೆ. ಹಾಗೆ ಸಿಕ್ಕಿಬಿದ್ದವರಲ್ಲಿ ನರಸೀಪುರದ ಹಿಸ್ಟರಿ ಮೇಷ್ಟ್ರೂ ಒಬ್ಬರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣಿಸದು. ಲ್ಯಾಪ್‌ಟಾಪ್ ಇರುವುದು ಅವರ ಹೆಂಡತಿಯ ಕೈಯಲ್ಲಿ. ಮೇಷ್ಟ್ರು ಹೇಳಿದ ಪ್ರಶ್ನೆಪತ್ರಿಕೆ ಟೈಪ್ ಮಾಡೋದು, ಪಾಠ ಓದಿ ಹೇಳೋದು ಎಲ್ಲ ಅವರೇ. ನಾನು ಅವರನ್ನ ಅಕ್ಕ ಅಂತೀನಿ.

ಅಕ್ಕನ ಗಂಟಲಲ್ಲಿ ಸಣ್ಣದೊಂದು ಗಂಟು ಎದ್ದು, ಆಪರೇಷನ್ ಮಾಡಿ ತೆಗೆದರು. ಹೆದರೋಂಥದ್ದೇನಲ್ಲ, ಆದರೆ ಮೂರು ವಾರ ತುಟಿಪಿಟಿಕ್ ಅನ್ನಬಾರದು, ಪಿಸುಮಾತೂ ಕೂಡದು ಅಂತ ಡಾಕ್ಟರ ಕಟ್ಟಪ್ಪಣೆ. ಸ್ಕೂಲಲ್ಲಿ ಎಲ್ಲರೂ "ಪುಣ್ಯ ಮಾಡಿದ್ರಿ ಕಣ್ರೀ, ಮೂರು ವಾರ ಕಿವಿಗೆ ರಜಾ" ಅಂತ ಮೇಷ್ಟ್ರ ಕಾಲೆಳೆದರಂತೆ. ಮೇಷ್ಟ್ರೂ ಜೊತೆಗೆ ನಕ್ಕರಂತೆ. ನಾಲ್ಕನೇ ದಿನ ನನಗೆ ಫೋನ್ ಬಂತು.

"ಅವಳು ಬರೆದ್ರೆ ನನಗೆ ಕಾಣಲ್ಲ. ನಾನು ಕೇಳಿದ್ರೆ ಅವಳು ಬಾಯಿ ಬಿಡಂಗಿಲ್ಲ. ಹೌದು ಅನ್ನೋಕೆ ಕೈಮೇಲೆ ಒಂದ್ಸಲ ತಟ್ತಾಳೆ, ಇಲ್ಲ ಅನ್ನೋಕೆ ಎರಡ್ಸಲ. ನನಗೆ ಕೇಳೋಕೆ ಹೊಳೀದೇ ಇದ್ದದ್ದನ್ನ ಅವಳು ಹೆಂಗೆ ಹೇಳ್ಬೇಕು? ಪಕ್ಕದ ಮನೆಯವರ ಕೈಲಿ ಓದಿಸೋಣ ಅಂದ್ರೆ, ಗಂಡ ಹೆಂಡ್ತಿ ಮಾತು ನೋಡಿ. ಮನೇಲಿ ಅವಳು ಇದಾಳೋ ಇಲ್ವೋ ಅನ್ನೋದೇ ಒಂದೊಂದ್ಸಲ ಗೊತ್ತಾಗಲ್ಲ ಕಣ್ರೀ. ಅವಳು ಟೈಪ್ ಮಾಡಿದ್ದನ್ನ ಆ ಲ್ಯಾಪ್‌ಟಾಪು ಓದಿ ಹೇಳೋ ಹಂಗೆ ಮಾಡ್ಕೊಡಿ."

ಇಬ್ಬರ ಹತ್ತಿರ ಇದ್ದದ್ದೂ ಬಟನ್ ಫೋನು. ಮುಟ್ಟಿದರೆ ಬೆರಳಿಗೆ ಏನೂ ಸಿಗದ ಫೋನು ಮೇಷ್ಟ್ರಿಗೆ ಬೇಡ, ಅವರಿಗೆ ಬೇಡದ್ದು ಅಕ್ಕನಿಗೂ ಬೇಡ.

"ಅರ್ಧ ಗಂಟೆ ಕೆಲ್ಸ ಮೇಷ್ಟ್ರೇ, ಬತ್ತೀನಿ ಬಿಡಿ" ಅಂದೆ. ಈ ಅರ್ಧ ಗಂಟೆ ಅನ್ನೋ ಮಾತು ಹೇಳಿ ನಾನು ಎಷ್ಟು ಜನರ ಹತ್ತಿರ ಉಗಿಸಿಕೊಂಡಿಲ್ಲ!

ಬಸ್ಸಿಳಿದು ಹೋಗಿ ಕೂತೆ. ಬರಹ ಓದಿ ಹೇಳೋಕೆ ರೆಡಿಮೇಡ್ ಸಿಗೋ ಪ್ಯಾಕೇಜು ಕನ್ನಡವನ್ನ ಒಂದೊಂದೇ ಅಕ್ಷರವಾಗಿ ಕಕ್ಕಿತು. ಅದರ ಹೊಸ ಆವೃತ್ತಿಯನ್ನ ಸೋರ್ಸ್ ಕೋಡಿನಿಂದ, ಅಂದರೆ ಅದನ್ನ ಬರೆದ ಮೂಲ ಕೋಡಿನಿಂದ, ನಾವೇ ಕಟ್ಟಿಕೊಳ್ಳಬೇಕು. ಕಟ್ಟೋಕೆ ಹೋದರೆ ಅದಕ್ಕೊಂದು ಲೈಬ್ರರಿ ಬೇಕಂತೆ. ಲೈಬ್ರರಿ ಅಂದರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆಯೋ ಸಿದ್ಧ ಕೋಡು. ಆ ಲೈಬ್ರರಿಗೆ ಇನ್ನೊಂದು ಬೇಕಂತೆ, ಇನ್ನೊಂದಕ್ಕೆ ಮತ್ತೊಂದು. ಮದುವೆಗೆ ಒಬ್ಬರನ್ನ ಕರೆಯೋಕೆ ಹೋಗಿ ಬೀದಿಯನ್ನೆಲ್ಲ ಕರೆದ ಹಾಗಾಯಿತು. ಎಲ್ಲವನ್ನೂ ತಂದು ಸುರಿದ ಮೇಲೆ ಒಂದೇ ತಕರಾರು ಉಳಿಯಿತು: ಧ್ವನಿಯ ಲೈಬ್ರರಿ ಹಳೇದು, ಹೊಸದು ಬೇಕು. ಹೊಸದು ಹಾಕಿದೆ. ಹಳೇದೇ ಇದೆ ಅಂತು. ತೆಗೆದು ಮತ್ತೆ ಹಾಕಿದೆ. ಮತ್ತೆ ಹಳೇದೇ ಅಂತು. "ನಿನ್ನ ಮನೆ ಹಾಳಾಗ, ಕಣ್ಣಿಲ್ವೇನೋ ನಿಂಗೆ!" ಅಂತ ಲ್ಯಾಪ್‌ಟಾಪಿಗೆ ಬೈದೆ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಕಿಸಕ್ಕನೆ ನಕ್ಕರು. ನಾನು ನಾಲಿಗೆ ಕಚ್ಚಿಕೊಂಡೆ.

ಅಷ್ಟರಲ್ಲಿ ಅಕ್ಕ ಬಂದು ಪರದೆಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟರು.

"ಮುಟ್ಬೇಡಿ ಅಕ್ಕ, ಬೆರಳಿನ ಕಲೆ ಬೀಳ್ತದೆ" ಅಂದೆ. ಅವರು ಕೈಸನ್ನೆಯಲ್ಲಿ ಏನೋ ಹೇಳಿದರು. ಫೋನ್ ಹಿಡಿದ ಹಾಗೆ ಕಿವಿಗೆ ಕೈ, ಆಮೇಲೆ ನನ್ನ ಕಡೆ ತೋರಿಸಿದರು. ಯಾರಿಗೋ ಫೋನ್ ಮಾಡಿ ಕೇಳು ಅಂತಿದಾರೆ ಅಂದುಕೊಂಡು ನನಗೆ ಪಿತ್ತ ನೆತ್ತಿಗೇರಿತು. "ಇದು ನಿಮಗೆ ಗೊತ್ತಾಗಲ್ಲ, ಸುಮ್ನಿರಿ ಅಕ್ಕ" ಅಂದುಬಿಟ್ಟೆ. ಸುಮ್ಮನೇ ಇದ್ದವರಿಗೆ ಸುಮ್ಮನಿರಿ ಅಂದ ಭೂಪ ನಾನು. ಸಂಜೆ ಬಸ್ಸಿಗೆ ಬರಿಗೈಲಿ ವಾಪಸ್ಸು.

ಮರುದಿನ ಭಾನುವಾರ ಮತ್ತೆ ಹೋದೆ. ಅಕ್ಕ ಕಾಫಿ ತಂದರು, ಜೊತೆಗೆ ಒಂದು ಹಳೇ ನೋಟ್‌ಬುಕ್ಕು ತಂದು ತೆರೆದಿಟ್ಟರು. ನಾನು ಕಾಫಿ ಲೋಟ ಅದರ ಮೇಲೇ ಇಟ್ಟು ಕೆಲಸ ಶುರು ಮಾಡಿದೆ. ಮಧ್ಯಾಹ್ನದವರೆಗೂ ಅದೇ ಎರರ್ರು, ಅದೇ ಬೈಗುಳ. "ಹೊಸದು ಹಾಕಿದೀನಿ ಮೇಷ್ಟ್ರೇ, ಆದ್ರೂ ಇದು ಎಲ್ಲಿಂದಲೋ ಹಳೇದನ್ನೇ ಎತ್ಕೋತದೆ. ಯಾವನೋ ಮಹಾನುಭಾವ ಎಲ್ಲೋ ಒಂದು ಹಳೇದನ್ನ ತುರುಕಿಟ್ಟಿದಾನೆ. ಕೈಗೆ ಸಿಗ್ಲಿ ಅವನು!"

ಅಕ್ಕ ಹಣೆ ಚಚ್ಚಿಕೊಂಡ ಸದ್ದು ಕೇಳಿತು.

ಲೋಟ ತೆಗೆಯೋಕೆ ಕೈ ಹಾಕಿದ ಮೇಷ್ಟ್ರಿಗೆ ಕೆಳಗೆ ಹಾಳೆ ಸಿಕ್ಕಿತು. "ಇದೇನ್ರೀ ಪುಸ್ತಕ? ಓದಿ, ಏನು ಬರ್ದವ್ಳೆ?"

ಓದಿದೆ. ಹೋದ ವರ್ಷ ಮೇಷ್ಟ್ರ ಹಾಡಿನ ಕ್ಯಾಸೆಟ್‌ಗಳನ್ನ ಲ್ಯಾಪ್‌ಟಾಪಿಗೆ ಇಳಿಸೋಕೆ ಅಂತ, ಇದೇ ಧ್ವನಿ ಲೈಬ್ರರಿಯನ್ನ ಸೋರ್ಸ್‌ನಿಂದ ಕಟ್ಟಿಸಿ ಬೇರೆ ಜಾಗದಲ್ಲಿ ನಾನೇ ಹಾಕಿಸಿದ್ದೆ. ಅಂಗಡಿಯಲ್ಲಿ ಕೂತು ಫೋನಲ್ಲಿ ಒಂದೊಂದೇ ಅಕ್ಷರ ನಾನು ಹೇಳಿದ್ದನ್ನ ಅಕ್ಕ ಟೈಪ್ ಮಾಡಿದ್ದಲ್ಲದೆ, ಮುದ್ದಾಗಿ ಬರೆದೂ ಇಟ್ಟಿದ್ದರು. ಕಂಪ್ಯೂಟರು ಮೊದಲು ಹುಡುಕೋದೇ ಆ ಜಾಗದಲ್ಲಿ. ನಿನ್ನೆ ಅಕ್ಕ ಬೆರಳಿಟ್ಟ ಸಾಲಿನಲ್ಲಿದ್ದದ್ದೂ ಅದೇ ಜಾಗದ ಹೆಸರು. ಕೆಳಗೆ ಇವತ್ತಿನ ಹೊಸ ಇಂಕಿನಲ್ಲಿ ಒಂದು ಸಾಲು: "ಆ ಮಹಾನುಭಾವ ನೀನೇ ಕಣಪ್ಪ." ನಾನು ಬೈಯೋ ಮೊದಲೇ ಬರೆದಿಟ್ಟಿದ್ದರು. ನಿನ್ನೆಯೂ ಇದೇ ಬೈಗುಳ ಬೈದಿದ್ದೆನಂತೆ, ಮೇಷ್ಟ್ರು ಹೇಳಿದರು.

ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ತೆಪ್ಪಗೆ ಹಳೇದನ್ನ ಕಿತ್ತು ಹಾಕಿ ಮತ್ತೆ ಕಟ್ಟಿದೆ. ಈ ಸಲ ನಿಜವಾಗಲೂ ಅರ್ಧ ಗಂಟೆ.

ಲ್ಯಾಪ್‌ಟಾಪ್ ಅಕ್ಕನ ಮುಂದೆ ಇಟ್ಟೆ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಏನಾದ್ರೂ ಹೇಳೇ" ಅಂದರು. ನನಗೇ ಇನ್ನಷ್ಟು ಮಂಗಳಾರತಿ ಅಂತ ತಲೆ ತಗ್ಗಿಸಿ ಕಾದೆ. ಅಕ್ಕ ಸ್ವಲ್ಪ ಯೋಚಿಸಿ ಟೈಪ್ ಮಾಡಿದರು. ಏರಿಳಿತವಿಲ್ಲದ ಗಂಡಸಿನ ದನಿಯಲ್ಲಿ ಲ್ಯಾಪ್‌ಟಾಪು ಹೇಳಿತು:

"ರೀ. ನೋವಿಲ್ಲ. ರಾತ್ರಿ ಎದ್ದೆದ್ದು ನನ್ನ ಮೂಗಿನ ಹತ್ರ ಕೈ ಹಿಡಿದು ನೋಡೋದು ಬಿಡಿ. ಉಸಿರಾಡ್ತಾ ಇದೀನಿ."

ಮೇಷ್ಟ್ರು ತಡಕಿ ಅಕ್ಕನ ಕೈ ಹುಡುಕಿ, ಅದರ ಮೇಲೆ ಒಂದೇ ಒಂದು ಸಲ ತಟ್ಟಿದರು.