ಮೂರು ದಿನದ ನಿಯಮ

ಫೋನಿನಲ್ಲಿ ಆಡುವ ಯುದ್ಧದ ಆಟವೊಂದರಲ್ಲಿ ನಮ್ಮದು ಮೂವತ್ತು ಜನರ ತಂಡ. ಶಿಗ್ಗಾವಿ, ಸವಣೂರು, ಹಾನಗಲ್ಲಿನವರೇ ಎಲ್ಲ. ನಾನು ನಾಯಕ. ಮೂರು ದಿನ ಆಟಕ್ಕೆ ಬಾರದವರು ತಂಡದಿಂದ ಹೊರಗೆ ಎಂಬ ನಿಯಮ ಮಾಡಿದವನೂ ನಾನೇ. ಕೆಲಸವಿದ್ದರೆ ಒಂದು ಮಾತು ತಿಳಿಸಿ ಎಂದು ಅದರಲ್ಲಿ ಸೇರಿಸಬೇಕೆಂದು ನನಗೆ ಹೊಳೆದಿರಲಿಲ್ಲ.

ರಂಜಾನ್ ಹಬ್ಬದ ಹಿಂದಿನ ವಾರ ಸವಣೂರಿನ ಟೇಲರೊಬ್ಬರು ನಾಲ್ಕು ದಿನ ಆಡಲು ಬರಲಿಲ್ಲ. ದಾಳಿ ಮಾಡುವುದರಲ್ಲಿ ಅವರೇ ನಮ್ಮ ಬಲಗೈ. ಯುದ್ಧ ಸೋತೆವು. ನನಗೆ ಪಿತ್ತ ನೆತ್ತಿಗೇರಿತು. ‘ಆಡೋ ಮನಸ್ಸಿಲ್ಲಂದ್ರ ಜಾಗಾ ಯಾಕ ಹಿಡದ ಕುಂತೀರಿ?’ ಎಂದು ಎಲ್ಲರಿಗೂ ಕಾಣುವಂತೆ ಬರೆದು ಅವರನ್ನು ತೆಗೆದುಹಾಕಿದೆ.

ಅದೇ ವಾರ ಅದೇ ಟೇಲರಿಗೆ ನಾನು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದೆ. ತಂಗಿಯ ಮದುವೆಗೆಂದು ಮನೆಮಂದಿಯ ಬಟ್ಟೆಯೆಲ್ಲ ಹೊಲಿಯಲು ಅವರಿಗೇ ಕೊಟ್ಟಿದ್ದೆವು. ‘ಏನರ ಮಾಡ್ರಿ, ಶುಕ್ರವಾರ ಬಟ್ಟಿ ಕೈಗೆ ಬರಬೇಕ್ರಿ’ ಎಂದು ಜೀವ ತಿಂದಿದ್ದೆ. ಅವರು ಆಟಕ್ಕೆ ಯಾಕೆ ಬರುತ್ತಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಶುಕ್ರವಾರ ಸಂಜೆ ಅಂಗಡಿಗೆ ಹೋದೆ. ಬಟ್ಟೆಯೆಲ್ಲ ಇಸ್ತ್ರಿಯಾಗಿ ಸಿದ್ಧವಾಗಿತ್ತು. ರೋಜಾ ಹಿಡಿದಿದ್ದ ಅವರ ತುಟಿ ಒಣಗಿತ್ತು. ಆಟದ ಮಾತನ್ನೇ ಅವರು ಎತ್ತಲಿಲ್ಲ. ನಾನೇ ಮುಖ ತಪ್ಪಿಸುತ್ತ, ‘ತಪ್ಪಾತ್ರಿ. ಇವತ್ತ ವಾಪಸ್ ಬರ್ರಿ’ ಎಂದೆ.

ಅವರು ನನ್ನ ಅಂಗಿಯನ್ನು ನೀಟಾಗಿ ಮಡಚಿ ಚೀಲಕ್ಕಿಟ್ಟರು.

‘ಇವತ್ತ ಬ್ಯಾಡ್ರಿ. ಚಂದ್ರ ಕಂಡ್ರ ನಾಳೆನ ಹಬ್ಬ. ನನ್ನ ಮಕ್ಕಳ ಅಂಗಿ ಇನ್ನೂ ಹೊಲಿಯೋದ ಐತ್ರಿ.’