ಡಬ್ಬಿ ಬರೂತನಾ ಅಂಗಡಿ ಬ್ಯಾಡ

ಪುಡಿಗೆ ಹುಳ ಬೀಳಬಹುದು. ಮಳೆಗಾಲದಲ್ಲಿ ಗಂಟುಕಟ್ಟಬಹುದು. ಶೇಂಗಾ ಕಮಟು ವಾಸನೆ ಹಿಡಿಯಬಹುದು. ಯಾರದಾದರೂ ಹೊಟ್ಟೆ ಕೆಟ್ಟು ಪೊಲೀಸರು ಬರಬಹುದು. ಹೆಂಡತಿ ತವರಿಗೆ ಹೋಗಬಹುದು. ತೊಂಬತ್ತರ ದಶಕದ ಕೊನೆಗೆ ನಾನಿದ್ದ ಕಾರ್ಖಾನೆ ಮುಚ್ಚಿತು. ಕೈಗೆ ಬಂದ ಪಿ.ಎಫ್. ಎಲ್ಲ ಸುರಿದು ರಾಯಾಪುರದಲ್ಲಿ ಚಟ್ನಿಪುಡಿಯ ಶೆಡ್ ಹಾಕಿ ನಾನು ಹೀಗೆಲ್ಲ ಎಣಿಸುತ್ತ ಕೂತಿದ್ದರೆ, ಬಾಜೂ ಮನೆಯ ಕಾಕು ಮೊಣಕೈವರೆಗೆ ಕೆಂಪಾದ ಕೈಯಿಂದ ಶೇಂಗಾಪುಡಿಗೆ ಖಾರ ಕಲಸುತ್ತಿದ್ದರು. ಆ ಕೆಂಪು ಹಬ್ಬದ ದಿನವೂ ಹೋಗುತ್ತಿರಲಿಲ್ಲ. ರುಚಿ ಅವರದು, ರೊಕ್ಕ ನನ್ನದು, ಅಂಜಿಕೆ ಪೂರಾ ನನ್ನದೇ.

ನನಗೆ ಬೆಳಗಾವಿಯಿಂದ ದಾವಣಗೆರೆವರೆಗೆ ಒಮ್ಮೆಲೇ ಮಾಲು ಹಾಕುವ ಅವಸರ. ಕಾಕು ಒಪ್ಪಲಿಲ್ಲ. ತಮ್ಮ ಮನೆಯ ಸ್ಟೀಲ್ ಡಬ್ಬಿಗಳಿಗೆ ಪುಡಿ ತುಂಬಿ ವಿದ್ಯಾನಗರದ ಎರಡೇ ಓಣಿಗೆ ಪುಕ್ಕಟೆ ಹಂಚಿಸಿದರು.

"ಮನಸಿಗೆ ಬಂದ್ರ ಡಬ್ಬಿ ಖಾಲಿ ಕೊಡೂದಿಲ್ಲ ತಮ್ಮಾ, ಒಂದಿಷ್ಟು ಸಕ್ರಿನರ ಹಾಕಿ ಕೊಡ್ತಾರ. ಬರೇ ತೊಳದು ಕೊಟ್ರಂದ್ರ ಸೇರಿಲ್ಲ ಅಂತ ತಿಳೀಬೇಕು. ಡಬ್ಬಿ ಬರೂತನಾ ಅಂಗಡಿ ಬ್ಯಾಡ."

ವಾರ ಕಳೆದರೂ ಒಂದೂ ಬರಲಿಲ್ಲ. ನಾನು ದಿನವೂ ಬಾಗಿಲಲ್ಲೇ ಕೂತು ದಾರಿ ನೋಡುತ್ತಿದ್ದೆ. "ಸತ್ತವರ ಮನ್ಯಾಗ ಕುಂತಂಗ ಕುಂದರಬ್ಯಾಡ. ಮಂದಿ ಅದನ್ನ ರೊಟ್ಟಿ ಜೋಡಿ ತಿನ್ನಬೇಕೊ, ಒಮ್ಮೆಲೆ ಮುಕ್ಕಬೇಕೊ?" ಎಂದು ಕಾಕು ಬೈದರು. ಆಮೇಲೆ ಬಂದವು: ಒಂದರಲ್ಲಿ ಸಕ್ಕರೆ, ಒಂದರಲ್ಲಿ ಲಿಂಬೆಹಣ್ಣು, ಇನ್ನೊಂದರಲ್ಲಿ ಹಿಡಿ ಗೋದಿ. ಎರಡನೇ ಓಣಿಯವು ಲಕಲಕ ತೊಳೆದು ಖಾಲಿ. ಆ ಓಣಿಯ ಅಂಗಡಿಗೆ ಕಾಕು ಮಾಲು ಕೊಡಗೊಡಲಿಲ್ಲ.

ಮೊದಲನೇ ಓಣಿಯ ಒಂದು ಡಬ್ಬಿ ಮಾತ್ರ ಬರಲೇ ಇಲ್ಲ. ಇಬ್ಬರೂ ಹೋದೆವು. ಬಾಗಿಲಿಗೆ ಕೀಲಿ. ಎದುರು ಮನೆಯಾಕೆ, "ಎಲ್ಲಾರೂ ಮುಂಜಾನೇ ದವಾಖಾನಿಗೆ ಹೋಗ್ಯಾರ್ರಿ" ಎಂದಳು.

ಠಾಣೆ, ಕೋರ್ಟು, ಪೇಪರಿನಲ್ಲಿ ನನ್ನ ಫೋಟೋ ಎಲ್ಲ ಕಣ್ಣಿಗೆ ಕಟ್ಟಿತು. ಫೋಟೋದಲ್ಲಿ ತಲೆಯನ್ನೂ ಬಾಚಿರಲಿಲ್ಲ.

"ಕಾಕು, ಊರು ಬಿಟ್ಟು ಹೋಗೂಣೇನ್ರಿ?"

"ಯಾವ ಊರಿಗೆ ಓಡ್ತಿ? ಮಾಡಿದವರು ನಾವು, ಕೇಳೂಣು ಬಾ" ಎಂದು ರಿಕ್ಷಾ ಹತ್ತಿಸಿದರು. ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡರು. ದವಾಖಾನೆ ಬರುವವರೆಗೂ ಬಿಡಲಿಲ್ಲ.

ಕಾಕು ತೀರಿಕೊಂಡು ಬಹಳ ವರ್ಷವಾಯಿತು. ಈಗಲೂ ಹೊಸ ಊರಿಗೆ ಹೋಗುವ ಮೊದಲು ಡಬ್ಬಿ ಹಂಚಿ, ಅದು ತಿರುಗಿ ಬಾರದ ಮನೆಯ ಬಾಗಿಲನ್ನು ನಾನೇ ತಟ್ಟುತ್ತೇನೆ, ಅಂಜಿಕೆ ಇನ್ನೂ ಹೋಗಿಲ್ಲದಿದ್ದರೂ. ನಮ್ಮ ಶೆಡ್ ಇವತ್ತಿಗೂ ನಡೆದಿರುವುದು ಅಷ್ಟರಿಂದಲೇ.

ಅಂದು ದವಾಖಾನೆಯಲ್ಲಿ ಆಗಿದ್ದಿಷ್ಟು: ಆ ಮನೆಯ ಮಗಳು ಹಡೆದಿದ್ದಳು. ಹೊರಗೆ ಕಾಯುತ್ತ ಕೂತವರು ರೊಟ್ಟಿಯ ಜೊತೆ ನಮ್ಮ ಪುಡಿಯನ್ನು ಅಕ್ಕಪಕ್ಕದವರಿಗೂ ಹಂಚಿ ಮುಗಿಸಿದ್ದರು. ಕೂಸಿನ ಅಜ್ಜಿ ಅದೇ ಡಬ್ಬಿಗೆ ಪೇಢೆ ತುಂಬಿ ಕಾಕುವಿನ ಕೈಗಿಟ್ಟರು. ಮುಚ್ಚಳ ಮಾತ್ರ ಕಳೆದಿತ್ತು.